ಮ್ಯಾಗ್ನೆಟ್ ಶಾಲೆ: ಸೇರುವ ಮುನ್ನ ತಿಳಿಯತಕ್ಕ ಸಂಗತಿಗಳು

ನಮ್ಮ ವಾಚನಾಲಯದ ಓದುಗರಲ್ಲಿ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿ ನೆಲೆಸಿರುವವರು ಹಲವರಿದ್ದಾರೆ. ಮೊಮ್ಮಗಳನ್ನು ಬಯೋಮೆಡಿಕಲ್ ಮ್ಯಾಗ್ನೆಟ್ ಶಾಲೆಗೆ ಸೇರಿಸುವುದೋ, ಮನೆಯ ಹತ್ತಿರದ ಹೈಸ್ಕೂಲಿಗೇ ಕಳಿಸುವುದೋ ಎಂಬ ಪ್ರಶ್ನೆ ಅಲ್ಲಿಂದ ಬಂದಾಗ, "ಡಾಕ್ಟರಾಗುವ ಹಾದಿಯಲ್ಲವೇ, ಸೇರಿಸಿಬಿಡಿ" ಎಂದು ನಾವು ಇಲ್ಲಿಂದ ಹೇಳಿಬಿಡುವುದು ಸುಲಭ. ಆದರೆ ಅದು ಹದಿನಾಲ್ಕು ವರ್ಷದ ಮಗುವಿನ ಮುಂದಿನ ನಾಲ್ಕು ವರ್ಷಗಳ ಮಾತು. ಸಲಹೆ ಕೊಡುವ ಮೊದಲು ವಿಷಯವನ್ನು ಅರಿಯುವುದು ಒಳ್ಳೆಯದು.

ಹೆಸರಿನ ಹಿನ್ನೆಲೆ

ಮ್ಯಾಗ್ನೆಟ್ ಎಂದರೆ ಸೂಜಿಗಲ್ಲು. ಕಪ್ಪುವರ್ಣೀಯರಿಗೂ ಬಿಳಿಯರಿಗೂ ಬೇರೆ ಬೇರೆ ಸರಕಾರಿ ಶಾಲೆಗಳನ್ನಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟಿತು. ಆದರೆ ವಾಸದ ಬಡಾವಣೆಗಳೇ ಬೇರೆಯಾಗಿದ್ದುದರಿಂದ ಅನೇಕ ಊರುಗಳಲ್ಲಿ ಮಕ್ಕಳು ಬೆರೆಯಲಿಲ್ಲ. ಬಲವಂತದಿಂದ ಸಾಗಿಸುವುದಕ್ಕಿಂತ, ಎಲ್ಲ ಬಡಾವಣೆಗಳ ಮಕ್ಕಳೂ ತಾವಾಗಿ ಬಯಸಿ ಬರುವಂಥ ವಿಶೇಷ ಶಾಲೆಗಳನ್ನು ತೆರೆಯೋಣವೆಂಬ ಯೋಚನೆ ಹುಟ್ಟಿತು. 1968ರಲ್ಲಿ ಟಕೋಮಾ ನಗರದ ಮೆಕಾರ್ವರ್ ಶಾಲೆಯಲ್ಲಿ ಇಂಥ ಪ್ರಯೋಗ ಮೊದಲಾಯಿತು. 1972ರಲ್ಲಿ ಹ್ಯೂಸ್ಟನ್ ನಗರದ ಶಾಲಾ ಮಂಡಲಿಯೂ ಬೇಲರ್ ವೈದ್ಯಕೀಯ ಕಾಲೇಜೂ ಕೂಡಿ ಆರೋಗ್ಯವೃತ್ತಿಗಳಿಗೆಂದೇ ಒಂದು ಹೈಸ್ಕೂಲನ್ನು ತೆರೆದವು. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಮೈಕೆಲ್ ಡಿಬೇಕಿಯವರ ಹೆಸರನ್ನು ಅದು ಈಗ ಹೊತ್ತಿದೆ.

ಇವು ಸರಕಾರಿ ಶಾಲೆಗಳು, ಬೋಧನಾ ಶುಲ್ಕವಿಲ್ಲ. ಪ್ರವೇಶ ಮಾತ್ರ ಎಲ್ಲ ಕಡೆ ಒಂದೇ ತೆರನಲ್ಲ. ಕೆಲವೆಡೆ ಅಂಕಗಳನ್ನೂ ಸಂದರ್ಶನವನ್ನೂ ನೋಡುತ್ತಾರೆ, ಕೆಲವೆಡೆ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಹೆಸರು ಬರಲಿಲ್ಲವೆಂದರೆ ಮಗು ದಡ್ಡನೆಂದು ಅರ್ಥವಲ್ಲ.

ಕಲಿಸುವುದೇನು?

ಇಂಥ ಅನೇಕ ಶಾಲೆಗಳು ಪ್ರಾಜೆಕ್ಟ್ ಲೀಡ್ ದ ವೇ ಎಂಬ ಸಂಸ್ಥೆಯ ನಾಲ್ಕು ವರ್ಷದ ಪಾಠಕ್ರಮವನ್ನು ಅನುಸರಿಸುತ್ತವೆ. ಮೊದಲ ವರ್ಷ ವೈದ್ಯವಿಜ್ಞಾನದ ಮೂಲತತ್ತ್ವಗಳು. ಎರಡನೆಯ ವರ್ಷ ಶರೀರದ ವ್ಯವಸ್ಥೆಗಳು. ಮೂರನೆಯದರಲ್ಲಿ ಸೋಂಕು, ಅನುವಂಶೀಯತೆ, ಕ್ಯಾನ್ಸರುಗಳನ್ನು ತಡೆಯುವ ಮತ್ತು ಗುಣಪಡಿಸುವ ವಿಧಾನಗಳು. ನಾಲ್ಕನೆಯದರಲ್ಲಿ ವಿದ್ಯಾರ್ಥಿಯು ಸ್ವತಃ ಬಿಡಿಸತಕ್ಕ ಸಮಸ್ಯೆಗಳು. ಕಲಿಸುವ ಬಗೆಯೂ ಬೇರೆ. ಕಲ್ಪಿತ ರೋಗಿಯೊಬ್ಬನ ವೃತ್ತಾಂತವನ್ನು ಮುಂದಿಟ್ಟು, ಕಾರಣವನ್ನು ಮಕ್ಕಳೇ ಹುಡುಕುವಂತೆ ಮಾಡುತ್ತಾರೆ. ಚಿಕ್ಕ ಅಸ್ಥಿಪಂಜರದ ಮಾದರಿಯ ಮೇಲೆ ಜೇಡಿಮಣ್ಣಿನಿಂದ ಸ್ನಾಯುಗಳನ್ನು ಮೆತ್ತಿ ಶರೀರರಚನೆಯನ್ನು ಕೈಯಾರೆ ಕಲಿಯುವುದುಂಟು.

ಅಲ್ಲಿಗೂ ಇಲ್ಲಿಗೂ ಭೇದ

ನಾವು ತಪ್ಪು ತಿಳಿಯುವುದು ಇಲ್ಲಿಯೇ. ನಮ್ಮ ದೇಶದಲ್ಲಿ ಹತ್ತನೆಯ ತರಗತಿಯ ಅನಂತರ ಜೀವಶಾಸ್ತ್ರವನ್ನು ಬಿಟ್ಟವನಿಗೆ ವೈದ್ಯವಿದ್ಯೆಯ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. 12ನೆಯ ತರಗತಿ ಮುಗಿದ ಮೇಲೆ ಹೆಚ್ಚುವರಿ ವಿಷಯವಾಗಿ ಅದನ್ನು ಓದಿದವರೂ ನೀಟ್ ಪರೀಕ್ಷೆಗೆ ಕೂಡಬಹುದೆಂದು ಸಡಿಲಿಸಿದ್ದು 2023ರಲ್ಲಿ. ಅಮೆರಿಕದಲ್ಲಿ ಹಾಗಲ್ಲ. ಹೈಸ್ಕೂಲಿನ ಬಳಿಕ ಸಾಮಾನ್ಯವಾಗಿ ನಾಲ್ಕು ವರ್ಷ ಕಾಲೇಜು, ಎಂಕ್ಯಾಟ್ ಪರೀಕ್ಷೆ, ನಾಲ್ಕು ವರ್ಷ ವೈದ್ಯಕೀಯ ಶಾಲೆ, ಮೇಲೆ ಕಡಿಮೆಯೆಂದರೂ ಮೂರು ವರ್ಷದ ಆಸ್ಪತ್ರೆಯ ತರಬೇತು. ಆದ್ದರಿಂದ ಮ್ಯಾಗ್ನೆಟ್ ಶಾಲೆಗೆ ಸೇರಿದ ಮಾತ್ರಕ್ಕೆ ಡಾಕ್ಟರಿಕೆ ಕೈಸೇರುವುದಿಲ್ಲ. ಸೇರದಿದ್ದರೆ ಕೈತಪ್ಪುವುದೂ ಇಲ್ಲ. ಈ ಒಂದು ಸಂಗತಿ ತಿಳಿದರೆ ಮನೆಯ ಅರ್ಧ ಆತಂಕ ಇಳಿಯುತ್ತದೆ.

ಕೇಳತಕ್ಕ ಪ್ರಶ್ನೆಗಳು

ಒಂದು: ಆಸ್ಪತ್ರೆಯ ಸಂಬಂಧವಿದೆಯೆಂದು ಶಾಲೆ ಹೇಳಿಕೊಂಡರೆ, ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಎಷ್ಟು ಗಂಟೆ ಅಲ್ಲಿ ಕಳೆಯಲು ಸಿಗುತ್ತದೆ? ಬಿಳಿಯ ಕೋಟು ತೊಟ್ಟ ಮಕ್ಕಳ ಚಿತ್ರವನ್ನು ಕಂಡು ತೃಪ್ತರಾಗಬಾರದು.

ಎರಡು: ರಸಾಯನ, ಭೌತಶಾಸ್ತ್ರ, ಗಣಿತಗಳ ಮೇಲ್ಮಟ್ಟದ ಪಾಠಗಳು ಇವೆಯೇ? ಮುಂದೆ ಆಧಾರವಾಗುವುದು ಇವೇ. ಸಂಗೀತಕ್ಕೂ ಆಟಕ್ಕೂ ಭಾಷೆಗೂ ವೇಳಾಪಟ್ಟಿಯಲ್ಲಿ ಸ್ಥಳ ಉಳಿದಿದೆಯೇ?

ಮೂರು: ಬಸ್ಸಿನ ಪ್ರಯಾಣವೆಷ್ಟು? ಬೆಳಗಿನ ಜಾವದಲ್ಲಿ ಎದ್ದು ಹೊರಟು ಸಂಜೆ ಸೋತು ಬರುವ ಮಗುವಿಗೆ ಓದಲೂ ಶಕ್ತಿಯಿರದು, ನಿದ್ರೆಯೂ ಸಾಲದು. ಲೋಕಲ್ ರೈಲಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು: ಮಗುವಿನ ಮನಸ್ಸು ಬದಲಾದರೆ ಹತ್ತಿರದ ಶಾಲೆಗೆ ಮರಳಲು ಅವಕಾಶವಿದೆಯೇ, ಯಾವಾಗ?

ಐದು: ಡಾಕ್ಟರಿಕೆಯಲ್ಲದೆ ಬೇರೆ ಯಾವ ವೃತ್ತಿಗಳ ಪರಿಚಯವಾಗುತ್ತದೆ? ದಾದಿಯ ಕೆಲಸ, ಪ್ರಯೋಗಾಲಯದ ಕೆಲಸ, ಅಂಗಸಾಧನೆಯ ಚಿಕಿತ್ಸೆ, ಸಾರ್ವಜನಿಕ ಆರೋಗ್ಯ, ವೈದ್ಯಕೀಯ ಯಂತ್ರಗಳ ರಚನೆ, ಇವೂ ಗೌರವದ ವೃತ್ತಿಗಳೇ. ಕೆಲವು ಶಾಲೆಗಳು ಶುಶ್ರೂಷಾ ಸಹಾಯಕರ ಅರ್ಹತಾಪತ್ರಕ್ಕೂ ಸಿದ್ಧಗೊಳಿಸುತ್ತವೆ.

ಕಡೆಯದಾಗಿ, ಎಲ್ಲಕ್ಕೂ ಮಿಗಿಲಾದ ಪ್ರಶ್ನೆಯನ್ನು ಮಗುವಿಗೇ ಹಾಕಬೇಕು. ಶರೀರದ ವಿಚಾರದಲ್ಲಿ ಅವಳಿಗೆ ನಿಜವಾದ ಕುತೂಹಲವಿದೆಯೇ, ಅಥವಾ ಹಿರಿಯರ ಆಸೆಯನ್ನು ಮೀರಲಾರದೆ ಹೂಂಗುಡುತ್ತಿದ್ದಾಳೆಯೇ? ಒಂದು ದಿನ ಆ ಶಾಲೆಯ ತರಗತಿಯಲ್ಲಿ ಕುಳಿತು ಬರಲಿ. ಪ್ರವೇಶಕ್ಕೆ ಮುನ್ನ ಇದಕ್ಕೆ ಅವಕಾಶ ಕೊಡುವ ಶಾಲೆಗಳಿವೆ. ಸಂಜೆ ಮನೆಗೆ ಬಂದು ತಾನಾಗಿಯೇ ನಾಲ್ಕು ಮಾತು ಹೇಳಿದರೆ ಆಯ್ಕೆ ಅರ್ಧ ಆದಂತೆ. ಸುಮ್ಮನಿದ್ದರೆ ಆ ಮೌನಕ್ಕೂ ನಾವು ಕಿವಿಗೊಡಬೇಕು. ಸೂಜಿಗಲ್ಲು ಕಬ್ಬಿಣವನ್ನು ಎಳೆಯುತ್ತದೆ. ಚಿನ್ನವನ್ನು ಎಳೆಯುವುದಿಲ್ಲವೆಂದು ಚಿನ್ನಕ್ಕೆ ಕುಂದೇನೂ ಇಲ್ಲ.