ಸದನದಲ್ಲಿ ಉತ್ತರ ಬಂತೆಂದು ಕಾದು ಕೂರಬೇಡಿ

ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ಶುರುವಾದರೆ ಬೀದರ್, ರಾಯಚೂರು, ವಿಜಯಪುರ ಕಡೆಯ ಶಾಸಕರು ಎದ್ದು ನಿಂತು ಕೆಟ್ಟ ರಸ್ತೆ, ಬಾರದ ಬಸ್ಸು, ವೈದ್ಯರಿಲ್ಲದ ಆಸ್ಪತ್ರೆಗಳ ಬಗ್ಗೆ ಸರ್ಕಾರವನ್ನು ಕೇಳುತ್ತಾರೆ. ನಮ್ಮ ಚಾಮರಾಜನಗರದ ಕುದೇರಿನಲ್ಲಿ ಕೂತು ಟಿ.ವಿ. ನೋಡುವವರು ಅದು ಆ ಕಡೆಯವರ ಪಾಡು ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರಶ್ನೆಯ ಕೊನೆಯಲ್ಲಿ ‘ಜಿಲ್ಲಾವಾರು ವಿವರ ನೀಡುವುದು’ ಎಂದಿದ್ದರೆ ಉತ್ತರದ ಹಿಂದೆ ಅನುಬಂಧ ಬರುತ್ತದೆ, ಅದರಲ್ಲಿ ಚಾಮರಾಜನಗರಕ್ಕೂ ಒಂದು ಸಾಲು ಇರುತ್ತದೆ. ರಾಯಚೂರಿನವರು ಕೇಳಿದ ಪ್ರಶ್ನೆಯಲ್ಲಿ ನಮ್ಮ ಜಿಲ್ಲೆಯ ಖಾಲಿ ಹುದ್ದೆಗಳ ಲೆಕ್ಕ ಸಿಗುವುದುಂಟು.

ಅದನ್ನು ಬಳಸುವುದು ಹೇಗೆಂದು ಮುಂದೆ ಹೇಳುತ್ತೇನೆ. ಅದೇ ಉತ್ತರವನ್ನು ನಂಬಿ ನಮ್ಮವರು ಕೆಡುವ ಬಗೆಯನ್ನು ಮೊದಲು ಹೇಳಬೇಕು.

ರಸ್ತೆ ಅಗಲ ಮಾಡಲೋ ಕಾಲುವೆ ತೋಡಲೋ ಜಮೀನು ಹೋಗುತ್ತದೆ. ಪರಿಹಾರ ಸಾಲದು ಎಂದು ರೈತರು ಶಾಸಕರಿಗೆ ಮನವಿ ಕೊಡುತ್ತಾರೆ. ಶಾಸಕರು ಸದನದಲ್ಲಿ ಕೇಳುತ್ತಾರೆ, ಸಚಿವರು ‘ಪರಿಶೀಲಿಸಲಾಗುವುದು’ ಎನ್ನುತ್ತಾರೆ. “ಸದನದಲ್ಲೇ ಹೇಳವ್ರೆ ಸಾ, ಆಯ್ತದೆ” ಎಂದು ಊರು ಸುಮ್ಮನಾಗುತ್ತದೆ. ಆದರೆ 2013ರ ಭೂಸ್ವಾಧೀನ ಕಾಯ್ದೆಯ 64ನೇ ಕಲಂ ಯಾರ ಭಾಷಣಕ್ಕೂ ಕಾಯುವುದಿಲ್ಲ. ಪರಿಹಾರದ ಐತೀರ್ಪು, ಅಂದರೆ ಜನ ಹೇಳುವ ಅವಾರ್ಡ್, ಹೊರಬಿದ್ದ ದಿನ ನೀವು ಅಧಿಕಾರಿಯ ಮುಂದೆ ಹಾಜರಿದ್ದರೆ ಅಂದಿನಿಂದ ಆರು ವಾರದೊಳಗೆ ಆಕ್ಷೇಪಣಾ ಅರ್ಜಿ ಕೊಡಬೇಕು. ಹಾಜರಿಲ್ಲದಿದ್ದರೆ ನೋಟಿಸು ಬಂದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಸಕಾರಣ ತೋರಿಸಿದರೆ ಆಮೇಲೂ ಒಂದು ವರ್ಷದವರೆಗೆ ಅರ್ಜಿ ತೆಗೆದುಕೊಳ್ಳಲು ಅಧಿಕಾರಿಗೆ ಅವಕಾಶವಿದೆ ನಿಜ. ‘ಸಚಿವರ ಮಾತು ನಂಬಿದ್ದೆ’ ಎಂಬುದು ಸಕಾರಣವೆಂದು ಒಪ್ಪುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಇನ್ನೂ ದೊಡ್ಡ ಗುಂಡಿ ಚೆಕ್ಕು ಪಡೆಯುವ ದಿನ ಇರುತ್ತದೆ. ರಸೀದಿಗೆ ಸಹಿ ಹಾಕುವಾಗ ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ನಿಮ್ಮ ಕೈಯಾರೆ ಬರೆಯಿರಿ. ಬರೆಯದೆ ಹಣ ಪಡೆದವರಿಗೆ 64ನೇ ಕಲಮಿನ ಬಾಗಿಲೇ ಮುಚ್ಚುತ್ತದೆ ಎಂದು 77ನೇ ಕಲಂ ನೇರವಾಗಿ ಹೇಳುತ್ತದೆ. ಕಚೇರಿಯಲ್ಲಿ ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಹಾಗೆ ಬರೆದರೆ ಚೆಕ್ಕು ನಿಲ್ಲುತ್ತದೆ ಎಂದು ಹೆದರಿಸುವವರೂ ಇದ್ದಾರೆ, ಜೊತೆಗೆ ಬಂದ ಮಧ್ಯವರ್ತಿ ಹೌದೆಂದು ತಲೆ ಆಡಿಸುತ್ತಾನೆ. ಸುಳ್ಳು, ನಿಲ್ಲಿಸುವಂತಿಲ್ಲ. ಇಷ್ಟೆಲ್ಲ ಹೇಳಿದ್ದು ರಾಜ್ಯ ಸರ್ಕಾರ ಈ ಕಾಯ್ದೆಯಡಿ ಪಡೆದ ಭೂಮಿಗೆ ಮಾತ್ರ. ಗುಂಡ್ಲುಪೇಟೆ ಮೂಲಕ ಹಾಯುವ 766ರಂಥ ರಾಷ್ಟ್ರೀಯ ಹೆದ್ದಾರಿಗೆ ಭೂಮಿ ಹೋದರೆ ದಾರಿ ಬೇರೆ, ಅಲ್ಲಿ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಬದನಗುಪ್ಪೆ–ಕೆಲ್ಲಂಬಳ್ಳಿಯಂಥ ಕೈಗಾರಿಕಾ ಪ್ರದೇಶಕ್ಕೆ ಕೆ.ಐ.ಎ.ಡಿ.ಬಿ. ಪಡೆದ ಭೂಮಿಗೆ ಇನ್ನೊಂದು ಕಾನೂನು, ಇನ್ನೊಂದು ಗಡುವು. ನೋಟಿಸಿನ ತಲೆಯ ಮೇಲೆ ಯಾವ ಕಾಯ್ದೆಯ ಹೆಸರಿದೆ ನೋಡದೆ ನೆರೆಮನೆಯವನ ಅರ್ಜಿಯನ್ನು ನಕಲು ಮಾಡಬೇಡಿ.

ಈಗ ಸದನದ ಉತ್ತರದ ವಿಷಯ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ಉತ್ತರಿಸುತ್ತಾರೆ, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ನಿಮಗೆ ಎರಡೂ ಒಂದೇ, ಬೇಕಾದದ್ದು ಕಾಗದ. ವಿಧಾನಸಭೆ, ವಿಧಾನಪರಿಷತ್ತಿನ ಜಾಲತಾಣಗಳಲ್ಲಿ ಪ್ರಶ್ನೋತ್ತರಗಳು ಇರುತ್ತವೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ‘ಗಮನಕ್ಕೆ ಬಂದಿದೆ’ ಎಂದಿದ್ದರೆ ಸರ್ಕಾರ ತೊಂದರೆಯನ್ನು ಒಪ್ಪಿಕೊಂಡಂತೆ, ಆ ಸಾಲಿಗೆ ಗೆರೆ ಎಳೆಯಿರಿ. ‘ಉದ್ಭವಿಸುವುದಿಲ್ಲ’ ಎಂದರೆ ಜಾರಿಕೊಂಡರು ಎಂದರ್ಥ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’ ಎಂದಿದ್ದರೆ ಅಲ್ಲಿ ಏನೂ ಇಲ್ಲ. ಇವುಗಳಲ್ಲಿ ಒಂದೂ ಆದೇಶವಲ್ಲ. ಅದನ್ನು ಹಿಡಿದು ಎಂಜಿನಿಯರರ ಮುಂದೆ ನಿಂತರೆ ಅವರು ನಗುತ್ತಾರೆ. ಆದರೆ ಉತ್ತರದ ಕೆಳಗೆ ಸಾಮಾನ್ಯವಾಗಿ ಕಡತ ಸಂಖ್ಯೆ ಇರುತ್ತದೆ. ನಗುವವರ ನಗು ನಿಲ್ಲುವುದು ಅದನ್ನು ಹೆಸರಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಾಗ.

ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿದ್ದರೆ ಅದೂ ಇಲ್ಲ. ತಾಲ್ಲೂಕು ಕಚೇರಿ ಹೊರಗೆ ಇದಕ್ಕೆ ನೂರಾರು ರೂಪಾಯಿ ಕೀಳುವವರಿಂದ ದೂರವಿರಿ, ಬಿಳಿ ಹಾಳೆಯಲ್ಲಿ ನೀವೇ ಬರೆಯಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ರಸ್ತೆ, ನೀರು, ಅಂಗನವಾಡಿ ಎಲ್ಲ ಸೇರಿಸಿದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ‘ಏಕೆ ಮಾಡಿಲ್ಲ?’ ಎಂದು ಕೇಳಬೇಡಿ. ‘ಇಂಥ ಕಡತದಲ್ಲಿರುವ ಸ್ಥಳ ಪರಿಶೀಲನಾ ವರದಿ, ಅಂದಾಜು ಪಟ್ಟಿ, ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎನ್ನಿ. ಊರ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ ಲೋಕೋಪಯೋಗಿಯದೋ ಗೊತ್ತಾಗದಿದ್ದರೆ ತೋಚಿದಲ್ಲಿಗೆ ಹಾಕಿ. ತಪ್ಪು ಕಚೇರಿಗೆ ಬಂದ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರ ಕೆಲಸ.

‘ಸದನದಲ್ಲಿ ಪ್ರಶ್ನೆ ಇದೆ, ಕೊಡಲಾಗದು’ ಎಂಬ ಹಿಂಬರಹ ಬರಬಹುದು. ತಡೆಯಿರುವುದು ಶಾಸಕಾಂಗದ ಹಕ್ಕುಚ್ಯುತಿ ಆಗುವಂಥ ಮಾಹಿತಿಗೆ ಮಾತ್ರ. ಉತ್ತರ ಕೊಟ್ಟು ಮುಗಿದ ಪ್ರಶ್ನೆಗೆ ಆ ನೆಪ ನಡೆಯದು. ಶಾಸಕಾಂಗಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸಬಾರದು ಎಂಬ ಸಾಲೊಂದು ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿನಲ್ಲಿತ್ತು. ವೈಯಕ್ತಿಕ ದತ್ತಾಂಶ ಕಾಯ್ದೆಯ ತಿದ್ದುಪಡಿಯ ನಂತರ ಅದು ಉಳಿದಿದೆಯೇ ಎಂಬ ತಕರಾರು ಎದ್ದಿದೆ. ಆ ಜಗಳ ವಕೀಲರಿಗಿರಲಿ. ನೀವು ಅಧಿಕಾರಿಗಳ ಹೆಸರು, ರಜೆ, ಆಸ್ತಿ ಕೇಳದೆ ಕಾಮಗಾರಿಯ ಕಾಗದ ಮಾತ್ರ ಕೇಳಿ.

ಕಾಗದ ಏಕೆ ಮುಖ್ಯವೆಂದು ನಮ್ಮ ಜಿಲ್ಲೆಗೆ ಬೇರೆಯವರು ಹೇಳಬೇಕಿಲ್ಲ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಅದೇ ತಿಂಗಳು ಆಮ್ಲಜನಕದ ಕೊರತೆಯನ್ನು ಗುರುತಿಸಿ ವರದಿ ಕೊಟ್ಟಿತು. ಆದರೂ ಜುಲೈ 20ರಂದು ರಾಜ್ಯಸಭೆಯಲ್ಲಿ ರಾಜಸ್ಥಾನದಿಂದ ಆಯ್ಕೆಯಾಗಿದ್ದ ಕೆ.ಸಿ. ವೇಣುಗೋಪಾಲ್ ಕೇಳಿದಾಗ ಕೇಂದ್ರದ ಉತ್ತರ: ಆಮ್ಲಜನಕದ ಕೊರತೆಯಿಂದ ಸತ್ತರೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಕೆಳಗಿನಿಂದ ಬರೆದು ಕಳಿಸದ್ದು ಮೇಲೆ ನಡೆದೇ ಇಲ್ಲ. ಅದಕ್ಕೇ ಸಚಿವರ ಮಾತಿಗಿಂತ ಮೊದಲು ತಾಲ್ಲೂಕು ಮಟ್ಟದ ವರದಿಯಲ್ಲಿ ಏನು ಬರೆದಿದ್ದಾರೆಂದು ನೋಡಿ ಎನ್ನುವುದು.

ಮಾಹಿತಿ ಹಕ್ಕಿನಲ್ಲೂ ಗಡುವೇ ಕೊಲ್ಲುವುದು. ಮೂವತ್ತು ದಿನ ಉತ್ತರವಿಲ್ಲದಿದ್ದರೆ ನಿರಾಕರಿಸಿದಂತೆ. ಅಲ್ಲಿಂದ ಮೂವತ್ತು ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ. ‘ಕಡತ ಹುಡುಕಲಾಗುತ್ತಿದೆ’ ಎಂಬ ಪತ್ರ ಬಂದರೆ ದಿನಗಳು ನಿಲ್ಲುವುದಿಲ್ಲ. ಆ ಪತ್ರ ಬರೆಯುವುದೇ ನಿಮ್ಮ ದಿನ ಕಳೆಯಲು ಎಂಬ ಗುಮಾನಿ ನನಗಿದೆ.

ನಿಮ್ಮೂರ ಪ್ರಶ್ನೆಯನ್ನೇ ಸದನದಲ್ಲಿ ಕೇಳಿಸಬೇಕೆ? ನಿಮ್ಮ ಕ್ಷೇತ್ರದವರೇ ಆಗಬೇಕಿಲ್ಲ, ಯಾವ ಶಾಸಕರೂ, ಪರಿಷತ್ ಸದಸ್ಯರೂ ಕೇಳಬಹುದು. ಮನವಿಯನ್ನು ಆಪ್ತ ಸಹಾಯಕರ ಕೈಗಿಟ್ಟು ಬರಬೇಡಿ, ನಕಲಿನ ಮೇಲೆ ಮೊಹರು, ದಿನಾಂಕ ಹಾಕಿಸಿ. ಮೊಹರು ಹಾಕದಿದ್ದರೆ ಸ್ಪೀಡ್ ಪೋಸ್ಟ್. ಇಲ್ಲೊಂದು ಎಚ್ಚರ: ವಿಷಯ ಕೋರ್ಟಿನಲ್ಲಿದ್ದರೆ ಪ್ರಶ್ನೆಗೆ ಅನುಮತಿ ಸಿಗುವುದಿಲ್ಲ. ಹಾಗೆಂದು ಪ್ರಶ್ನೆಗಾಗಿ ಕೋರ್ಟಿನ ಗಡುವು ಬಿಡಬೇಡಿ. ಎರಡರಲ್ಲಿ ಒಂದನ್ನು ಬಿಡಬೇಕಾದರೆ ಪ್ರಶ್ನೆಯನ್ನು ಬಿಡಿ.

ಅಧಿಕಾರಿ ಸುಮ್ಮನೆ ಸತಾಯಿಸುತ್ತಿದ್ದರೆ ಲೋಕಾಯುಕ್ತವಿದೆ. ಅಲ್ಲೂ ಕುಂದುಕೊರತೆಯ ದೂರನ್ನು ವಿಷಯ ತಿಳಿದ ಆರು ತಿಂಗಳೊಳಗೆ ಕೊಡಬೇಕು, ತಡವಾದರೆ ತಕ್ಕ ಕಾರಣ ತೋರಿಸಬೇಕು. ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಉತ್ತರ ಬಂತು, ಬಜೆಟ್‌ನಲ್ಲಿ ಹಣ ಇಡುತ್ತಾರೆ, ಮಳೆಗಾಲದ ಅಧಿವೇಶನದಲ್ಲಿ ಮತ್ತೆ ಕೇಳಿಸೋಣ ಎಂದು ಕಾದರೆ ಜುಲೈ ಹೊತ್ತಿಗೆ ಆ ಆರು ತಿಂಗಳು ಮುಗಿದಿರುತ್ತದೆ. ದೂರಿನ ಜೊತೆ ಪ್ರಮಾಣಪತ್ರ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿ. ಹೋಗುವಾಗ ಮೊಹರು ಬಿದ್ದ ನಕಲು, ಅಂಚೆ ರಸೀದಿ, ಸದನದ ಉತ್ತರದ ಪ್ರತಿ, ಈ ಮೂರನ್ನೂ ಕೊಂಡೊಯ್ಯಿರಿ. ಅಸಲನ್ನು ಯಾರ ಕೈಗೂ ಕೊಡಬೇಡಿ, ವಕೀಲರ ಕೈಗೂ.