ಕಂಪ್ಯೂಟರ್ ಕುಂಟುತ್ತಿದೆಯೇ? ಎಸೆಯುವ ಮೊದಲು ಇಷ್ಟು ಮಾಡಿ

ನಮ್ಮ ಮನೆಯ ಕಂಪ್ಯೂಟರ್ 2013ರಲ್ಲಿ ಮಗಳ ಓದಿಗೆಂದು ತಂದದ್ದು. ಆಕೆ ಓದು ಮುಗಿಸಿ ಹೋದಳು, ಪೆಟ್ಟಿಗೆ ನನ್ನ ಪಾಲಿಗೆ ಉಳೀತು. 2014ರಿಂದ ದಿನಾ ಬೆಳಗ್ಗೆ ಮಳೆಮಾಪಕ ನೋಡಿ, ಎಷ್ಟು ಮಿಲಿಮೀಟರ್ ಬಿತ್ತು ಅಂತ ಅದರಲ್ಲಿ ಬರೆದಿಡುತ್ತಾ ಬಂದೆ. ಶೇಂಗಾ ಬಿತ್ತಿದ ದಿನ, ಬೀಜದ ಖರ್ಚು, ಆಳಿನ ಕೂಲಿ, ಬಂದ ಇಳುವರಿ ಎಲ್ಲಾ ಅದರಲ್ಲೇ. ಮಳೆ ನಂಬಿ ಬದುಕುವವನಿಗೆ ಈ ಲೆಕ್ಕ ಬೀಜದ ಚೀಲದಷ್ಟೇ ಬೆಲೆಯದು.

2022ರ ಹೊತ್ತಿಗೆ ಅದು ಪೂರಾ ಕುಂಟಲು ಶುರುವಾಯಿತು. ಗುಂಡಿ ಒತ್ತಿ, ಹೋಗಿ ದನಕ್ಕೆ ಮೇವು ಹಾಕಿ, ಚಹಾ ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಪೇಟೆಯ ಅಂಗಡಿಯವರಿಗೆ ತೋರಿಸಿದೆ. ‘ಹಳೇದಾಯ್ತು ಯಜಮಾನ್ರೇ, ಇದನ್ನ ಎಸೀರಿ. ಹೊಸದಕ್ಕೆ ಮೂವತ್ತೈದು ಸಾವಿರ ಆಗುತ್ತೆ’ ಅಂದರು. ಆ ವರ್ಷ ನನ್ನ ಹತ್ತಿರ ಆ ದುಡ್ಡು ಇರಲಿಲ್ಲ. ವಾಪಸ್ ತಂದೆ. ಕಂಪ್ಯೂಟರ್ ಕಲಿಸುವ ಮೇಷ್ಟ್ರೊಬ್ಬರು ಎರಡು ಭಾನುವಾರ ಕೂತು ಹೇಳಿಕೊಟ್ಟರು. ಮೂರು ಸಾವಿರದೊಳಗೆ ಕೆಲಸ ಆಯಿತು. ಅದೇ ಪೆಟ್ಟಿಗೆ ಇವತ್ತಿಗೂ ನಡೀತಾ ಇದೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಎತ್ತು, ಕಣ, ಹಗೇವು

ಕಂಪ್ಯೂಟರ್ ಒಳಗೆ ಮುಖ್ಯವಾಗಿ ಮೂರು ಭಾಗ. ಪ್ರೊಸೆಸರ್ ಅಂದರೆ ದುಡಿಯುವ ಎತ್ತು. ರ‍್ಯಾಮ್ ಅಂದರೆ ಕಣ, ಕೆಲಸ ನಡೆಯುವ ಜಾಗ. ಹಾರ್ಡ್ ಡಿಸ್ಕ್ ಅಂದರೆ ಹಗೇವು, ಕಾಳು ಶೇಖರಿಸಿ ಇಡುವ ಜಾಗ. ನಾವು ಏನೇ ತೆರೆದರೂ ಅದು ಹಗೇವಿನಿಂದ ಕಣಕ್ಕೆ ಬರಬೇಕು, ಅಲ್ಲಿ ಎತ್ತು ತುಳಿಯಬೇಕು. ಕರೆಂಟ್ ಹೋದರೆ ಕಣದಲ್ಲಿ ಇದ್ದದ್ದು ಹೋಯಿತು, ಹಗೇವಿನಲ್ಲಿ ಇದ್ದದ್ದು ಉಳಿಯಿತು.

ಕಣ ಸಣ್ಣದಿದ್ದರೆ ಏನಾಗುತ್ತದೆ? ಅರ್ಧ ರಾಶಿಯನ್ನು ಮತ್ತೆ ಹಗೇವಿಗೆ ಇಳಿಸಿ, ಬೇಕಾದಾಗ ಮತ್ತೆ ಮೇಲೆ ತರಬೇಕು. ಕಂಪ್ಯೂಟರ್ ಹಾಗೇ ಮಾಡುತ್ತದೆ. ರ‍್ಯಾಮ್ ತುಂಬಿದರೆ ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ಇಳಿಸುತ್ತದೆ, ಮತ್ತೆ ಎತ್ತುತ್ತದೆ. ಈ ಇಳಿಸು-ಹತ್ತಿಸುವ ಆಟದಲ್ಲೇ ಹೊತ್ತು ಹೋಗುವುದು. ಎತ್ತು ಗಟ್ಟಿಯಾಗಿಯೇ ಇರುತ್ತದೆ, ಸುಮ್ಮನೆ ನಿಂತು ಕಾಯುತ್ತಿರುತ್ತದೆ. ಹಳೇ ಕಂಪ್ಯೂಟರ್ ನಿಧಾನ ಅಂದಾಗ ಬಹಳ ಸಲ ಕಾರಣ ಇದೇ.

ಮೊದಲು ಕಾಳು ಉಳಿಸಿಕೊಳ್ಳಿ

ಮೇಷ್ಟ್ರು ಬಂದವರೇ ಪೆಟ್ಟಿಗೆಗೆ ಕಿವಿ ಇಟ್ಟು ಕೇಳಿದರು. ಒಳಗೆ ಟಕ್, ಟಕ್ ಅನ್ನುತ್ತಿತ್ತು. ‘ನಿಮ್ಮ ಲೆಕ್ಕ ಬೇರೆ ಕಡೆ ಎಲ್ಲಾದರೂ ಇದೆಯಾ?’ ಅಂದರು. ಇಲ್ಲ ಅಂದೆ. ‘ಹಾಗಾದರೆ ಬೇರೆ ಏನೂ ಮುಟ್ಟೋದು ಬೇಡ. ಮೊದಲು ಅದನ್ನ ಹೊರಗೆ ತೆಗೆಯೋಣ’ ಅಂದರು.

ಹಾರ್ಡ್ ಡಿಸ್ಕ್ ಸಾಯುವ ಮೊದಲು ನಿಧಾನ ಆಗುವುದುಂಟು. ಒಳಗೆ ತಿರುಗುವ ತಟ್ಟೆಯ ಮೇಲೆ ಕೆಟ್ಟ ಜಾಗ ಬಂದಾಗ, ಅದನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಅದಕ್ಕೇ ತಡ. ಇದು ಗೊತ್ತಿಲ್ಲದೆ ನಾನು ಒಬ್ಬರ ಮಾತು ಕೇಳಿ ಹಿಂದಿನ ವಾರವೇ ಡಿಫ್ರಾಗ್ ಮಾಡಲು ಹೊರಟಿದ್ದೆ. ಡಿಫ್ರಾಗ್ ಅಂದರೆ ಚದುರಿದ ಫೈಲುಗಳನ್ನು ಒಟ್ಟಿಗೆ ಜೋಡಿಸುವುದು. ಗಟ್ಟಿ ಡಿಸ್ಕಿಗೆ ಅದು ಸರಿ. ಸಾಯುತ್ತಿರುವ ಡಿಸ್ಕಿಗೆ ಅದು ಬಸವಳಿದ ಎತ್ತಿಗೆ ನೊಗ ಹೂಡಿದ ಹಾಗೆ. ಕರೆಂಟ್ ಹೋಗಿದ್ದರಿಂದ ಅರ್ಧಕ್ಕೆ ನಿಂತಿತ್ತು, ನನ್ನ ಪುಣ್ಯ.

ಎಂಟು ವರ್ಷದ ಮಳೆ ಲೆಕ್ಕವನ್ನು ಪೆನ್ ಡ್ರೈವಿಗೆ ಇಳಿಸಲು ಒಂದು ಮಧ್ಯಾಹ್ನ ಹಿಡಿಯಿತು. ಎಲ್ಲಾ ಬಂತು, 2017ರ ಎರಡು ತಿಂಗಳು ಮಾತ್ರ ತೆರೆಯಲೇ ಇಲ್ಲ. ಆ ಎರಡು ತಿಂಗಳು ಇವತ್ತಿಗೂ ಖಾಲಿ.

ನಿಮ್ಮ ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ನೀಲಿ ಬಣ್ಣ ತೋರಿಸಿದರೆ ಒಳ್ಳೇದು, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಇವತ್ತೇ ನಕಲು ತೆಗೆಯಿರಿ. ನೀಲಿ ಇದ್ದರೂ ನಕಲು ಬೇಕೇ ಬೇಕು. ಬಿತ್ತನೆ ಬೀಜವನ್ನು ಯಾರೂ ಒಂದೇ ಮಡಕೆಯಲ್ಲಿ ಇಡುವುದಿಲ್ಲ.

ಎಲ್ಲಿ ತೊಡಕು ಎಂದು ನೋಡುವುದು

ದುಡ್ಡು ಖರ್ಚು ಮಾಡುವ ಮೊದಲು ರೋಗ ಎಲ್ಲಿದೆ ಎಂದು ನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕದಾಗಿ ಬಂದರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಮೂರು ಸಾಲು, ಮೇಲೆ ಶೇಕಡಾ ಲೆಕ್ಕ ಇರುತ್ತದೆ.

* ಡಿಸ್ಕ್ ಸದಾ 100ರ ಹತ್ತಿರ ಇದ್ದರೆ: ಹಗೇವಿನ ಬಾಯಿ ಸಣ್ಣದು. ಡಿಸ್ಕ್ ಬದಲಿಸಬೇಕು.
* ಮೆಮೊರಿ 85-90 ದಾಟಿದ್ದರೆ: ಕಣ ಸಾಲದು. ರ‍್ಯಾಮ್ ಹೆಚ್ಚಿಸಬೇಕು, ಇಲ್ಲವೇ ತೆರೆದದ್ದನ್ನು ಕಮ್ಮಿ ಮಾಡಬೇಕು.
* ಸಿಪಿಯು ಸುಮ್ಮನೆ ಇದ್ದಾಗಲೂ 100 ಇದ್ದರೆ: ಯಾವುದೋ ಒಂದು ಸಾಫ್ಟ್‌ವೇರ್ ತಿನ್ನುತ್ತಿದೆ, ಇಲ್ಲಾ ವೈರಸ್. ಯಾವುದು ಅಂತ ಅದೇ ಪಟ್ಟಿಯಲ್ಲಿ ಕಾಣುತ್ತದೆ.

ಖರ್ಚಿಲ್ಲದ ಕೆಲಸಗಳು

ಕಳೆ ತೆಗೆಯಿರಿ: ಟಾಸ್ಕ್ ಮ್ಯಾನೇಜರಿನಲ್ಲೇ ‘ಸ್ಟಾರ್ಟಪ್’ ಎಂಬ ಪಟ್ಟಿ ಇದೆ. ಕಂಪ್ಯೂಟರ್ ಏಳುವಾಗ ತಾವೂ ಎದ್ದು ಕೂರುವ ಸಾಫ್ಟ್‌ವೇರ್‌ಗಳು ಇವು. ನನ್ನದರಲ್ಲಿ ಹದಿನಾಲ್ಕು ಇದ್ದವು, ಬೇಕಾದದ್ದು ಮೂರು. ಬೇಡದ್ದರ ಮೇಲೆ ಒತ್ತಿ ‘ಡಿಸೇಬಲ್’ ಮಾಡಿ. ಇದರಿಂದ ಸಾಫ್ಟ್‌ವೇರ್ ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಹೆಸರು ಗುರುತಿಲ್ಲದ್ದನ್ನು ಕೇಳಿಯೇ ಮುಟ್ಟಿ.

ಜಾಗ ಬಿಡಿ: ಸಿ ಡ್ರೈವ್ ಒತ್ತಿ ತುಂಬಿದ್ದರೆ ವಿಂಡೋಸ್ ಉಸಿರು ಕಟ್ಟುತ್ತದೆ. ಐದರಲ್ಲಿ ಒಂದು ಪಾಲು ಖಾಲಿ ಇರಲಿ. ವಿಂಡೋಸಿನಲ್ಲೇ ಇರುವ ‘ಡಿಸ್ಕ್ ಕ್ಲೀನಪ್’ ತೆರೆದು ಟೆಂಪರರಿ ಫೈಲುಗಳನ್ನು ತೆಗೆಯಿರಿ. ಅದರ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಅಂತಲೂ ಒಮ್ಮೊಮ್ಮೆ ಇರುತ್ತದೆ. ನೋಡದೆ ಟಿಕ್ ಮಾಡಿದರೆ ನೀವು ಇಳಿಸಿಕೊಂಡ ಪಹಣಿ, ರಸೀದಿ ಎಲ್ಲಾ ಹೋದಾವು.

ಎರಡು ಕಾವಲು ನಾಯಿ ಬೇಡ: ಎರಡು ಆಂಟಿವೈರಸ್ ಇದ್ದರೆ ಒಂದನ್ನೊಂದು ಬೊಗಳಿಕೊಂಡು ಕೂರುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ. ಮನೆ ಬಳಕೆಗೆ ಅದು ಸಾಕು.

ರೀಸ್ಟಾರ್ಟ್ ಮಾಡಿ: ಇದು ನನಗೆ ಹೊಸ ಸಂಗತಿ. ವಿಂಡೋಸ್ 10ರಲ್ಲಿ ‘ಶಟ್ ಡೌನ್’ ಒತ್ತಿದರೆ ಅದು ಪೂರಾ ಮಲಗುವುದಿಲ್ಲ. ಬೇಗ ಏಳಲೆಂದು ಒಂದಿಷ್ಟು ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲಾ ತೊಳೆದು ಹೊಸದಾಗಿ ಶುರು. ವಾರಕ್ಕೊಮ್ಮೆಯಾದರೂ ಮಾಡಿ.

‘ಒಂದೇ ಒತ್ತಿಗೆ ವೇಗ’ ಎಂದು ಬರುವ ಉಚಿತ ಸಾಫ್ಟ್‌ವೇರ್ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ. ಐದುನೂರು ದೋಷ ಇದೆ ಎಂದು ಹೆದರಿಸಿ ದುಡ್ಡು ಕೇಳಿತು, ಮೇಲೆ ತಾನೇ ಒಂದು ಕಳೆಯಾಗಿ ಕೂತಿತು.

ಧೂಳು ಮತ್ತು ಶಾಖ

ನಮ್ಮ ಒಣಸೀಮೆಯಲ್ಲಿ ಧೂಳಿಗೆ ಬರವಿಲ್ಲ. ಪ್ರೊಸೆಸರ್ ಮೇಲಿನ ಫ್ಯಾನಿಗೆ ಧೂಳು ಕಟ್ಟಿದರೆ ಶಾಖ ಹೊರಗೆ ಹೋಗುವುದಿಲ್ಲ. ಆಗ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ನಿಧಾನ, ಬೆಳಗಿನ ತಂಪಿನಲ್ಲಿ ಸರಿ ಎಂದಾದರೆ ಇದೇ ಕಾರಣ ಇರಬಹುದು.

ಕರೆಂಟ್ ವೈರ್ ಪೂರಾ ಕಿತ್ತು, ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಪೆಟ್ಟಿಗೆ ತೆರೆಯಿರಿ. ಒಳಗೆ ಮುಟ್ಟುವ ಮೊದಲು ಪೆಟ್ಟಿಗೆಯ ತಗಡನ್ನು ಕೈಯಿಂದ ಮುಟ್ಟಿ. ಮೈಯಲ್ಲಿನ ಸಣ್ಣ ವಿದ್ಯುತ್ತು ಇಳಿದು ಹೋಗುತ್ತದೆ. ಫ್ಯಾನನ್ನು ಬೆರಳಿಂದ ಹಿಡಿದು, ಮೆತ್ತನೆ ಬ್ರಷ್ ಮತ್ತು ಬ್ಲೋವರಿನಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡ. ಕರೆಂಟ್ ಬಂದು ಸೇರುವ ತಗಡಿನ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದನ್ನು ಎಂದಿಗೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ.

ತೆರೆದಾಗಲೇ ನಾಣ್ಯದಂತಹ ಸಣ್ಣ ಬ್ಯಾಟರಿಯನ್ನೂ ನೋಡಿ. ಸಿಆರ್ 2032 ಅಂತ ಬರೆದಿರುತ್ತದೆ, 3 ವೋಲ್ಟಿನದು. ಅದು ಸತ್ತರೆ ಆರಿಸಿ ಹಚ್ಚಿದಾಗಲೆಲ್ಲಾ ತಾರೀಖು ತಪ್ಪುತ್ತದೆ, ತಾರೀಖು ತಪ್ಪಿದರೆ ವೆಬ್‌ಸೈಟು ತೆರೆಯುವುದಿಲ್ಲ. ನಾನು ಇಂಟರ್‌ನೆಟ್ ಕೆಟ್ಟಿದೆ ಎಂದು ತಿಂಗಳುಗಟ್ಟಲೆ ಬೈದುಕೊಂಡಿದ್ದೆ.

ದುಡ್ಡು ಹಾಕುವುದಾದರೆ

ಮೊದಲ ರೂಪಾಯಿ ಎಸ್‌ಎಸ್‌ಡಿಗೆ ಹಾಕಿ. ಹಳೇ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಿ, ಮುಳ್ಳು ಸರಿದು, ಬೇಕಾದ ಜಾಗ ಹುಡುಕಬೇಕು. ಪ್ರತಿ ಹುಡುಕಾಟಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಭಾಗ ಹಿಡಿಯುತ್ತದೆ. ಕಮ್ಮಿ ಅನ್ನಿಸಬಹುದು, ಆದರೆ ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಫೈಲ್ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಹುಡುಕಾಟಕ್ಕೆ ಅದರ ನೂರರಲ್ಲಿ ಒಂದು ಪಾಲು ಹೊತ್ತೂ ಬೇಡ. ಹಳೇ ಪೆಟ್ಟಿಗೆಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೇಳಿ. 240 ಜಿಬಿ ಮನೆಗೆ ಸಾಕು. ನಾನು 2022ರಲ್ಲಿ 1,900 ರೂಪಾಯಿ ಕೊಟ್ಟೆ. ಬೆಲೆ ಏರಿಳಿಯುತ್ತದೆ, ಎರಡು ಕಡೆ ವಿಚಾರಿಸಿ.

ಎರಡನೆಯದು ರ‍್ಯಾಮ್. ನನ್ನದು 4 ಜಿಬಿ ಇತ್ತು, ಹಳೇದೊಂದು 4 ಜಿಬಿ ಪಟ್ಟಿ 800 ರೂಪಾಯಿಗೆ ಸಿಕ್ಕಿತು, ಒಟ್ಟು 8 ಆಯಿತು. ಡಿಡಿಆರ್ 3, ಡಿಡಿಆರ್ 4 ಎಂದು ಜಾತಿ ಬೇರೆ. ಗಾಲಿಗೆ ತಕ್ಕ ಅಚ್ಚು ಬೇಕಾದ ಹಾಗೆ, ಒಂದರ ಜಾಗದಲ್ಲಿ ಇನ್ನೊಂದು ಕೂರದು. ಹಳೇ ಪಟ್ಟಿಯನ್ನೇ ಅಂಗಡಿಗೆ ಒಯ್ದು ತೋರಿಸಿ. ವಿಂಡೋಸ್ 32 ಬಿಟ್ ಆಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿದ್ದು ದಂಡ. 64 ಬಿಟ್ ಹಾಕಿಸಬೇಕು.

ಇಷ್ಟು ಆದ ಮೇಲೆ ಎಂಟು ನಿಮಿಷ ಹಿಡಿಯುತ್ತಿದ್ದ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದಿತು. ಎತ್ತು ಅದೇ, ಬದಲಾದದ್ದು ಕಣ ಮತ್ತು ಹಗೇವು. ಆದರೆ ಒಂದು ಮಾತು: ಎಸ್‌ಎಸ್‌ಡಿ ಸಾಯುವಾಗ ಟಕ್ ಟಕ್ ಅನ್ನುವುದಿಲ್ಲ. ಸುಳಿವೇ ಕೊಡದೆ ಹೋಗಬಹುದು. ನಕಲು ತೆಗೆಯುವುದನ್ನು ಬಿಡಬೇಡಿ. ಅದಕ್ಕೆ ಡಿಫ್ರಾಗ್ ಕೂಡ ಬೇಡ.

ವಿಂಡೋಸ್ 10 ಇದ್ದವರಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಕಂಪ್ಯೂಟರ್ ನಿಲ್ಲುವುದಿಲ್ಲ, ಬೇಲಿ ರಿಪೇರಿ ನಿಲ್ಲುತ್ತದೆ ಅಷ್ಟೇ. ವಿಂಡೋಸ್ 11 ಸುಮಾರು 2018ಕ್ಕಿಂತ ಹಿಂದಿನ ಬಹುತೇಕ ಪೆಟ್ಟಿಗೆಗಳನ್ನು ಒಪ್ಪುವುದಿಲ್ಲ. ಅದಕ್ಕೆ ನಾನು ಲಿನಕ್ಸ್ ಮಿಂಟ್ ಎಂಬುದಕ್ಕೆ ಬದಲಾದೆ. ಅದು ಉಚಿತ, ಹಗುರ. ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು, ಒಗ್ಗಿದರೆ ಮಾತ್ರ ಹಾಕಿಕೊಳ್ಳಬಹುದು. ಹಾಕುವಾಗ ಡಿಸ್ಕ್ ಅಳಿಯುತ್ತದೆ, ಮೊದಲು ನಕಲು.

ಕನ್ನಡ ಟೈಪ್ ಮಾಡಲು ಅದರಲ್ಲಿ ಕಗಪ ಕೀಲಿಮಣೆ ಇದೆ, ನುಡಿಯಲ್ಲಿ ಕಲಿತ ಕೈಗೆ ತೊಂದರೆ ಇಲ್ಲ. ಆದರೆ ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫೈಲುಗಳು ಅಲ್ಲಿ ಕನ್ನಡವಾಗಿ ಕಾಣಿಸುವುದಿಲ್ಲ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ. ನನ್ನ ಮಳೆ ಲೆಕ್ಕ ಲಿಬ್ರೆ ಆಫೀಸಿನಲ್ಲಿ ಸರಿಯಾಗಿ ತೆರೆಯಿತು.

ಈಗ ಲೆಕ್ಕ ಮೂರು ಕಡೆ ಇದೆ: ಪೆಟ್ಟಿಗೆಯಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು, ಮಗಳ ಮನೆಯಲ್ಲಿ ಒಂದು. ಪ್ರತಿ ತಿಂಗಳ ಮೊದಲ ದಿನ ನಕಲು ತೆಗೆಯುತ್ತೇನೆ. ನಿಮ್ಮದು ನಿಧಾನವಾಗಿದ್ದರೆ ಅಂಗಡಿಗೆ ಹೋಗುವ ಮುಂಚೆ ಅದಕ್ಕೆ ಕಿವಿ ಇಟ್ಟು ಕೇಳಿ, ಮೊದಲು ನಕಲು ತೆಗೆಯಿರಿ. ವೇಗದ ಮಾತು ಆಮೇಲೆ.