ತಂಗೀ, ನಿನ್ನ ಪ್ರಶ್ನೆ ನೀನೇ ಕೇಳು

ತಂಗೀ, ಈ ಸಲ ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ ಎಂದು ಕೇಳಿ ಬಹಳ ಸಂತೋಷವಾಯಿತು. ಆ ಒಂದು ಸಾಲಿನ ಬೆಲೆ ನಿನಗೆ ಗೊತ್ತಿರಬೇಕು. ನಮ್ಮ ಚಿಕ್ಕೋಡಿ ತಾಲೂಕು ಮುಂಬಯಿ ಪ್ರಾಂತದಲ್ಲಿದ್ದಾಗ, 1937ರ ಚುನಾವಣೆಯಲ್ಲಿ ಮತ ಹಾಕಲು ಆಸ್ತಿ ಇರಬೇಕಿತ್ತು, ಕಂದಾಯ ಕಟ್ಟಿರಬೇಕಿತ್ತು, ಇಲ್ಲವೇ ಓದಿರಬೇಕಿತ್ತು. ಕೂಲಿ ಮಾಡಿ ಉಣ್ಣುವವರಲ್ಲಿ ಬಹುತೇಕರು ಹೊರಗೇ ಉಳಿದರು. ಅಂಥದ್ದರಲ್ಲೂ ನಿಪ್ಪಾಣಿಯ ಬಳವಂತರಾವ್ ವರಾಳೆ ಅಂಬೇಡ್ಕರರ ಪಕ್ಷದಿಂದ ಗೆದ್ದು ಮುಂಬಯಿ ಶಾಸನಸಭೆಗೆ ಹೋದರು. 1951-52ರಲ್ಲಿ ವಯಸ್ಕರೆಲ್ಲರಿಗೂ ಮತದ ಹಕ್ಕು ಬಂತು. ಆಗಲೂ ದೇಶದಲ್ಲಿ ಸುಮಾರು 28 ಲಕ್ಷ ಹೆಣ್ಣುಮಕ್ಕಳು ಪಟ್ಟಿಯಿಂದ ಬಿಟ್ಟುಹೋದರು. ಇಂಥವನ ಹೆಂಡತಿ, ಇಂಥವನ ತಾಯಿ ಎಂದರೇ ಹೊರತು ತಮ್ಮ ಹೆಸರು ಹೇಳಲಿಲ್ಲ.

'ಈ ಸಲ ಮನೀ ಮಂದಿ ಎಲ್ಲಾ ಇವರಿಗೇ ಹಾಕೂದು' ಎಂದು ನಿನ್ನ ಮನೆಯ ಹಿರಿಯರು ಹೇಳಿಯಾರು. ಕೇಳಿಸಿಕೋ, ಒಪ್ಪದಿದ್ದರೆ ವಾದ ಮಾಡು. ಗುಂಡಿ ಒತ್ತುವಾಗ ಮಾತ್ರ ನೀನೊಬ್ಬಳೇ. ಯಾರಿಗೆ ಹಾಕಿದೆ ಎಂದು ಹೇಳುವ ಹಂಗು ನಿನಗಿಲ್ಲ, ನಾಳೆ ಗಂಡನ ಮನೆಗೆ ಹೋದ ಮೇಲೂ ಇಲ್ಲ. ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ಬಿ. ಶಂಕರಾನಂದರು 1967ರಿಂದ ಸತತ ಏಳು ಸಲ ಆರಿಸಿ ಬಂದಿದ್ದರು. ದೊಡ್ಡ ನಾಯಕರೇ ಅವರು. 1996ರಲ್ಲಿ ಜನ ಮನಸ್ಸು ಬದಲಿಸಿದರು, ರತ್ನಮಾಲಾ ಸವಣೂರ ಗೆದ್ದರು. ಒಬ್ಬೊಬ್ಬರೂ ಒಳಗೆ ಹೋಗಿ ತಮ್ಮಷ್ಟಕ್ಕೆ ಮತ ಹಾಕಿದ್ದರಿಂದಲೇ ಅದು ಆದದ್ದು.

ಮತ ಗುಟ್ಟಿನದು. ಉಳಿದ ಐದು ವರ್ಷ ಎಲ್ಲರೆದುರು ಬಾಯಿ ಬಿಡಬೇಕಲ್ಲ, ಕಷ್ಟವಿರುವುದು ಅಲ್ಲಿ. ಓಣಿಯ ಗಟಾರು ಮಳೆಗಾಲದಲ್ಲಿ ಉಕ್ಕಿ ಹೊಸ್ತಿಲಿಗೆ ಬಂತು ಅನ್ನು. ಕಟ್ಟೆಯ ಮೇಲೆ ಕೂತು ಬೈದರೆ ನೀರು ಇಳಿಯುವುದಿಲ್ಲ. ಪುರಸಭೆಗೆ ಹೋಗಿ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಕೊಡು. ಈ ಗಟಾರಿಗೆ ಎಷ್ಟು ಹಣ ಮಂಜೂರಾಗಿತ್ತು? ಎಸ್ಟಿಮೇಟಿನಲ್ಲಿ ಉದ್ದ, ಅಗಲ, ಆಳ ಎಷ್ಟು? ಬಿಲ್ಲು ಯಾವಾಗ ಪಾಸಾಯಿತು? ಕನ್ನಡದಲ್ಲೇ ಬರೆ, ಸ್ವೀಕೃತಿ ತಗೊಳ್ಳದೆ ಬರಬೇಡ. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನೇ ಇದೆ. ಉತ್ತರ ಬಂದ ಮೇಲೆ ನಾಲ್ಕು ಜನರೆದುರು ಟೇಪು ಹಿಡಿದು ಗಟಾರು ಅಳೆ.

ಇನ್ನು ಊರ ಸಭೆಯ ಮಾತು. ಮುಂದಿನ ಕುರ್ಚಿಯವರೇ ಮಾತಾಡಿ ಮುಗಿಸುತ್ತಾರೆ. ಕಬ್ಬು ಕಡಿಯುವವರು, ಬೀಡಿ ಕಟ್ಟುವ ಹೆಣ್ಣುಮಕ್ಕಳು ಬಾಗಿಲ ಬಳಿ ನಿಂತು ಕೇಳಿ ಹೋಗುತ್ತಾರೆ. ನಾಲ್ಕಕ್ಷರ ಕಲಿತಿದ್ದೇನೆಂದು ಅವರ ಪರವಾಗಿ ನೀನೇ ಮಾತಾಡಿಬಿಡಬೇಡ ತಂಗೀ, ಅದೂ ಅವರ ಬಾಯಿ ಮುಚ್ಚಿಸಿದಂತೆಯೇ. ಮೈಕು ಅವರ ಕೈಗೆ ಕೊಡಿಸು. ನಮ್ಮಲ್ಲಿ ಕನ್ನಡ ಮಾತಾಡುವ ಮನೆಯೂ ಉಂಟು, ಮರಾಠಿ ಮಾತಾಡುವ ಮನೆಯೂ ಉಂಟು. ಯಾವುದರಲ್ಲಿ ಕೇಳಿದರೂ ಪ್ರಶ್ನೆ ಪ್ರಶ್ನೆಯೇ. ಯಾರಾದರೂ ಮೂಗು ಮುರಿದರೆ ಎದ್ದು ನಿಂತು 'ಅಕ್ಕಾರ ಮಾತು ಪೂರಾ ಆಗ್ಲಿ' ಅನ್ನು. ಸಭೆಯನ್ನು ಸಂಜೆ ಇಡಿರೆಂದು ಮೊದಲೇ ಬರೆದುಕೊಡು. ಹಗಲು ಹನ್ನೊಂದಕ್ಕೆ ಕರೆದರೆ ಆ ದಿನದ ಪಗಾರ ಬಿಟ್ಟು ಯಾರು ಬಂದಾರು?